ಕಾರ್ಬೊರೇಟರ್ ಕ್ಲೀನ್ ಮಾಡಿದ ಮೇಲೆ ಪೆಟ್ರೋಲ್ ಸೋರುತ್ತಿದೆ, ಹೊಸ ಕಿಟ್ ಹಾಕಿದರೂ ನಿಂತಿಲ್ಲ

ನಿಟ್ಟುವಳ್ಳಿ ಹುಡುಗ:
ಎಲ್ಲರಿಗೂ ನಮಸ್ಕಾರ. ಗಾಡಿ ಅಪ್ಪನದು. 100 ಸಿಸಿ, ಫೋರ್ ಸ್ಟ್ರೋಕ್, 2006ರ ಮಾಡೆಲ್. ಕಂಪನಿ ಹೆಸರು ಬರೆದರೆ ಯಾವ ಗಾಡಿ ಒಳ್ಳೇದು ಅಂತ ಇಲ್ಲಿ ಜಗಳ ಶುರುವಾಗುತ್ತೆ, ಅದು ಬೇಡ. ಕಾರ್ಬೊರೇಟರ್ ಕೀಹಿನ್ ಮಾದರಿಯದು. ಮಳೆಗಾಲ ಪೂರ್ತಿ ಆನಗೋಡಿನ ಮನೆಯಲ್ಲಿ ಸುಮ್ನೆ ನಿಂತಿತ್ತು. ದಾವಣಗೆರೆಗೆ ತಂದ ಮೇಲೆ ಚೋಕ್ ಎಳೆದರೆ ಮಾತ್ರ ಸ್ಟಾರ್ಟ್, ಚೋಕ್ ತೆಗೆದ ಕೂಡಲೇ ಆಫ್. ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್ ಬಿಚ್ಚಿ ನೋಡಿದರೆ ತಳದಲ್ಲಿ ಹಳದಿ ಅಂಟು ಕಟ್ಟಿಕೊಂಡಿತ್ತು, ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ ಪೂರ್ತಿ ಮುಚ್ಚಿಹೋಗಿತ್ತು.

ಎಲ್ಲಾ ಬಿಚ್ಚಿ, ರಬ್ಬರ್ ಸಾಮಾನು ಬೇರೆ ಇಟ್ಟು, ಲೋಹದ್ದನ್ನು ರಾತ್ರಿಯೆಲ್ಲಾ ಕ್ಲೀನರ್‌ನಲ್ಲಿ ನೆನೆಸಿದೆ. ಬೆಳಿಗ್ಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ. ಹೊಸ ಕಿಟ್ ತಂದು ನೀಡಲ್ (ಬೌಲ್‌ಗೆ ಪೆಟ್ರೋಲ್ ಬರುವ ದಾರಿ ಮುಚ್ಚುವ ಸೂಜಿ), ಬೌಲ್ ಗ್ಯಾಸ್ಕೆಟ್, ಡ್ರೇನ್ ಸ್ಕ್ರೂ ಓ-ರಿಂಗ್ ಎಲ್ಲಾ ಬದಲಾಯಿಸಿದೆ. ಈಗ ಸ್ಟಾರ್ಟಿಂಗ್ ಸೂಪರ್, ಐಡ್ಲಿಂಗೂ ಚೆನ್ನಾಗಿದೆ. ಆದರೆ ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಆನ್ ಮಾಡಿ ಸ್ವಲ್ಪ ಹೊತ್ತಿಗೆ ಕೆಳಗಿನ ಪೈಪಿನಿಂದ ತೊಟ್ಟು ತೊಟ್ಟಾಗಿ ಪೆಟ್ರೋಲ್ ಬೀಳುತ್ತದೆ. ಕಾಕ್ ಆಫ್ ಮಾಡಿದರೂ ತಕ್ಷಣ ನಿಲ್ಲುವುದಿಲ್ಲ, ಇನ್ನಷ್ಟು ಹೊತ್ತು ಸೋರಿ ಆಮೇಲೆ ನಿಲ್ಲುತ್ತದೆ. ಕ್ಲೀನ್ ಮಾಡುವ ಮೊದಲು ಒಂದು ಹನಿಯೂ ಸೋರುತ್ತಿರಲಿಲ್ಲ! ಗಾಡಿ ನಿಲ್ಲಿಸುವುದು ಮನೆ ಓನರ್ ಕಿಟಕಿ ಕೆಳಗೆ. ವಾಸನೆ ಅಂತ ದಿನಾ ಬೈಸಿಕೊಳ್ಳುತ್ತಿದ್ದೇನೆ.

ಜಗಳೂರು ಧೂಳು:
ನೀಡಲ್. ಕಣ್ಣು ಮುಚ್ಚಿಕೊಂಡು ಹೇಳಬಹುದು. ಕಿಟ್‌ನಲ್ಲಿ ಬರುವ ಲೋಕಲ್ ನೀಡಲ್‌ಗಳ ಹಣೆಬರಹವೇ ಅಷ್ಟು. ಹಳೇ ನೀಡಲ್ ಎಸೆದಿಲ್ಲ ತಾನೆ? ಅದನ್ನೇ ವಾಪಸ್ ಹಾಕು. ನೀಡಲ್ ಅಲ್ಲ ಅಂತ ಸಾಬೀತಾದರೆ ಮಂಡಕ್ಕಿ ಮಿರ್ಚಿ ನನ್ನ ಕಡೆಯಿಂದ.

ಹೊಳಲ್ಕೆರೆ ಹೈದ:
ಧೂಳಣ್ಣ ಹೇಳಿದ್ದೇ ಸರಿ ಅನ್ಸುತ್ತೆ. ಸ್ಕ್ರೂಡ್ರೈವರ್ ಹಿಡಿಯಿಂದ ಬೌಲ್‌ಗೆ ಮೆಲ್ಲಗೆ ನಾಲ್ಕು ಏಟು ಕೊಟ್ಟು ನೋಡಿ. ನೀಡಲ್ ಸಿಕ್ಕಿಹಾಕಿಕೊಂಡಿದ್ದರೆ ಕೂತುಕೊಳ್ಳುತ್ತದೆ. ನಮ್ಮ ಚಿಕ್ಕಪ್ಪನ ಗಾಡಿಗೆ ದಿನಾ ಇದೇ ಪೂಜೆ.

ಮಂಡಿಪೇಟೆ ಮಿಸ್ತ್ರಿ:
ತಮ್ಮಾ, ಮೊದಲು ಒಂದು ಮಾತು. ಸೋರುತ್ತಿರುವಾಗ ಗಾಡಿ ಸ್ಟಾರ್ಟ್ ಮಾಡಬೇಡ. ಕಾರ್ಬೊರೇಟರ್ ಕೆಳಗೇ ಬಿಸಿ ಎಂಜಿನ್ ಇರುತ್ತೆ, ಪಕ್ಕದಲ್ಲಿ ಸೈಲೆನ್ಸರ್. ನಿಲ್ಲಿಸಿದಾಗ ಕಾಕ್ ಆಫ್. ಓನರ್ ಬೈಯುವುದರಲ್ಲಿ ತಪ್ಪಿಲ್ಲ, ಕಿಟಕಿ ಒಳಗೆ ಅಡುಗೆಮನೆ ಇದ್ದರಂತೂ ಗಾಡಿ ಅಲ್ಲಿಂದ ಇವತ್ತೇ ತೆಗೆ.

ಇನ್ನು ಸೋರುವ ವಿಷಯ. ಎಲ್ಲರೂ ನೀಡಲ್ ನೀಡಲ್ ಅಂತಾರೆ, ನಿಜ, ಹತ್ತರಲ್ಲಿ ಏಳೆಂಟು ಸಲ ಅದೇ ಇರುತ್ತೆ. ಆದರೆ ಎಲ್ಲಿಂದ ಬೀಳುತ್ತಿದೆ ಅಂತ ನೋಡದೆ ಸಾಮಾನು ತಂದರೆ ದುಡ್ಡು ದಂಡ. ಬೌಲ್ ಮತ್ತು ಬಾಡಿ ಸೇರುವ ಸಂದಿಯಲ್ಲಿ ಒದ್ದೆಯಾದರೆ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ, ಇಲ್ಲವೇ ಸ್ಕ್ರೂ ಥ್ರೆಡ್ ಸವೆದುಹೋಗಿದೆ. ಏರ್ ಫಿಲ್ಟರ್ ಕಡೆಯ ಬಾಯಿಂದ ಬಂದರೆ ಒಳಗೆ ಪೂರ್ತಿ ತುಂಬಿ ಚೆಲ್ಲುತ್ತಿದೆ, ಅದು ದೊಡ್ಡ ಅಪಾಯ, ಎಂಜಿನ್ ಆಯಿಲ್‌ಗೂ ಇಳಿದಿರಬಹುದು. ನೀನು ಹೇಳುವುದು ಕೆಳಗಿನ ಪೈಪ್. ಒಂದು ಪೇಪರ್ ತಗೊಂಡು ಬೌಲ್ ಸುತ್ತ ಒತ್ತಿ ನೋಡು, ಸಂದಿ ಒಣಗಿದೆಯಾ ಅಂತ ಖಾತ್ರಿ ಮಾಡ್ಕೋ.

ಆಮೇಲೆ ನೀಡಲ್ ಪರೀಕ್ಷೆ. ಮನೆ ಮೇಲಿನ ಸಿಂಟೆಕ್ಸ್‌ನಲ್ಲಿ ನೀರು ತುಂಬಿದಾಗ ಬಾಲ್ ಮೇಲೆದ್ದು ನಲ್ಲಿ ಮುಚ್ಚುತ್ತಲ್ಲ, ಇಲ್ಲಿ ಫ್ಲೋಟ್ ಮಾಡುವುದು ಅದೇ ಕೆಲಸ. ಕಾರ್ಬೊರೇಟರ್ ಬಿಚ್ಚಿ, ಬೌಲ್ ತೆಗೆದು, ತಲೆಕೆಳಗು ಹಿಡಿ. ಫ್ಲೋಟ್ ತನ್ನ ಭಾರಕ್ಕೇ ಬಿದ್ದು ನೀಡಲ್ ಒತ್ತುತ್ತೆ. ಪೆಟ್ರೋಲ್ ಬರುವ ಬಾಯಿಗೆ ಒಂದು ಹೊಸ ಪೈಪ್ ಸಿಕ್ಕಿಸಿ ಬಾಯಿಂದ ಊದು. ಗಾಳಿ ಹೋಗಬಾರದು. ನೆಟ್ಟಗೆ ಹಿಡಿದು ಊದಿದರೆ ಸಲೀಸಾಗಿ ಹೋಗಬೇಕು. ತಲೆಕೆಳಗು ಹಿಡಿದಾಗಲೂ ಉಸ್ ಅಂತ ಹೋಗುತ್ತಿದ್ದರೆ ನೀಡಲ್ ಅಥವಾ ಅದು ಕೂರುವ ಸೀಟು.

ಜಗಳೂರು ಧೂಳು:
ಇಷ್ಟೆಲ್ಲಾ ಯಾಕೆ ಮಿಸ್ತ್ರಿ, ಫ್ಲೋಟ್ ಮೇಲಿನ ತಗಡಿನ ನಾಲಿಗೆ ಸ್ವಲ್ಪ ಬಗ್ಗಿಸಿದರೆ ಮಟ್ಟ ಕೆಳಗಾಗುತ್ತೆ. ನಾನು ಸುಮಾರು ಗಾಡಿಗೆ ಹಾಗೇ ಮಾಡಿದ್ದೇನೆ.

ಮಂಡಿಪೇಟೆ ಮಿಸ್ತ್ರಿ:
ಬಗ್ಗಿಸಿ ಬಗ್ಗಿಸಿ ಕೆಟ್ಟುಹೋದ ಗಾಡಿಗಳು ನನ್ನ ಹತ್ರ ಬರುತ್ತವೆ ಧೂಳಪ್ಪಾ. ಮಟ್ಟ ಜಾಸ್ತಿ ಕೆಳಗೆ ಹೋದರೆ ಪೆಟ್ರೋಲ್ ಸಾಲದೆ ಗಾಡಿ ಚಡಾವಿನಲ್ಲಿ ಮುಗ್ಗರಿಸುತ್ತೆ. ಆಮೇಲೆ ಜನ ಮೇನ್ ಜೆಟ್ ದೊಡ್ಡದು ಹಾಕಿಸುತ್ತಾರೆ, ಮೈಲೇಜ್ ಹೋಯ್ತು ಅಂತ ಅಳುತ್ತಾರೆ. ಅಲ್ಲದೆ ಎಷ್ಟೋ ಫ್ಲೋಟ್‌ಗಳಲ್ಲಿ ಆ ನಾಲಿಗೆಯೂ ಪ್ಲಾಸ್ಟಿಕ್ಕೇ, ಬಗ್ಗಿಸಲು ಹೋದರೆ ಮುರಿಯುತ್ತೆ. ಹುಡುಗ ಫ್ಲೋಟ್ ಬದಲಾಯಿಸಿಲ್ಲ, ಮುಟ್ಟಿಲ್ಲ. ಮೊದಲು ಸರಿಯಿದ್ದದ್ದು ಈಗ ಹೇಗೆ ಬದಲಾಗುತ್ತೆ?

ಶಾಮನೂರು ಕೆಮಿಸ್ಟ್ರಿ:
ರಬ್ಬರ್ ಬೇರೆ ಇಟ್ಟು ನೆನೆಸಿದ್ದು ಒಳ್ಳೆಯದಾಯಿತು. ಕ್ಲೀನರ್ ಸ್ಪ್ರೇಗಳಲ್ಲಿ ಅಸಿಟೋನ್, ಟಾಲುಯೀನ್ ತರಹದ ದ್ರಾವಕಗಳಿರುತ್ತವೆ, ಅವು ರಬ್ಬರನ್ನು ಊದಿಸುತ್ತವೆ. ಊದಿದ ಬೌಲ್ ಗ್ಯಾಸ್ಕೆಟ್ ಅದರ ತೋಡಿನಲ್ಲಿ ಕೂರುವುದೇ ಇಲ್ಲ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದುಬರುತ್ತದೆ. ಹಾಗಾದಾಗ ಒಂದು ದಿನ ಗಾಳಿಗೆ ಬಿಟ್ಟರೆ ಎಷ್ಟೋ ಸಲ ಮತ್ತೆ ಕುಗ್ಗುತ್ತದೆ.

ಇನ್ನೊಂದು ವಿಷಯ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್‌ಗೆ ಚಾಲನೆ ಕೊಟ್ಟರು, ಈಗ ಬಂಕ್‌ಗಳಲ್ಲಿ ಸಿಗುವುದು ಅದೇ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. 2006ರ ಗಾಡಿಯ ರಬ್ಬರ್ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ಮಾಡಿದ್ದಲ್ಲ. ಎಥನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಜಾಸ್ತಿ ನೀರು ಸೇರಿದರೆ ನೀರು, ಎಥನಾಲ್ ಎರಡೂ ಬೇರೆಯಾಗಿ ಬೌಲ್ ತಳಕ್ಕೆ ಇಳಿದು ಕೂರುತ್ತವೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಡ್ರೇನ್ ಸ್ಕ್ರೂ ಬಿಚ್ಚಿ ಬೌಲ್ ಖಾಲಿ ಮಾಡಿ ಇಡಿ. ನೀವು ನೋಡಿದ ಹಳದಿ ಅಂಟು ಹಳೆ ಪೆಟ್ರೋಲ್ ಆವಿಯಾಗಿ, ಉಳಿದದ್ದು ಗಾಳಿ ಸೇರಿ ಗಟ್ಟಿಯಾದದ್ದು.

ನಿಟ್ಟುವಳ್ಳಿ ಹುಡುಗ:
ಮಿಸ್ತ್ರಿ ಅಣ್ಣಾ, ಗಾಡಿ ಹಿಂದಿನ ಖಾಲಿ ಸೈಟಿಗೆ ತಳ್ಳಿದೆ. ಪೇಪರ್ ಒತ್ತಿ ನೋಡಿದೆ, ಸಂದಿ ಪೂರ್ತಿ ಒಣಗಿದೆ. ಏರ್ ಫಿಲ್ಟರ್ ಕಡೆಯೂ ಒಣ. ಬರುತ್ತಿರುವುದು ಕೆಳಗಿನ ಪೈಪಿನಿಂದ ಮಾತ್ರ.

ಊದುವ ಪರೀಕ್ಷೆ ಮಾಡಿದೆ. ತಲೆಕೆಳಗು ಹಿಡಿದಾಗ ಗಾಳಿ ಒಂಚೂರೂ ಹೋಗಲಿಲ್ಲ. ಹಳೇ ನೀಡಲ್ ಹಾಕಿಯೂ ನೋಡಿದೆ, ಅದರ ತುದಿಯ ರಬ್ಬರ್ ಮೇಲೆ ಸುತ್ತ ಉಂಗುರದ ಹಾಗೆ ಗೆರೆ ಬಿದ್ದಿತ್ತು, ಆದರೂ ಗಾಳಿ ಬಿಡಲಿಲ್ಲ. ಫ್ಲೋಟ್ ಕಿವಿ ಹತ್ರ ಅಲ್ಲಾಡಿಸಿದೆ, ಒಳಗೆ ಪೆಟ್ರೋಲ್ ಇರುವ ಸದ್ದಿಲ್ಲ. ಎರಡು ನೀಡಲ್ ಹಾಕಿದರೂ ಸೋರುವುದು ಹಾಗೇ ಇದೆ.

ಹೊಳಲ್ಕೆರೆ ಹೈದ:
ಫ್ಲೋಟ್‌ಗೆ ಅಲ್ಲಾಡಿಸಿದರೆ ಸಾಲದು. ಸಣ್ಣ ತೂತು ಇದ್ದರೆ ಗೊತ್ತಾಗಲ್ಲ. ಒಲೆಯಿಂದ ಇಳಿಸಿದ ಬಿಸಿನೀರಿನ ಪಾತ್ರೆ ಹೊರಗೆ ತಂದು ಅದರಲ್ಲಿ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ ತೂತಿದ್ದ ಕಡೆ ಗುಳ್ಳೆ ಬರುತ್ತವೆ. ಒಲೆ ಹತ್ರ ಮಾತ್ರ ಮಾಡಬೇಡಿ.

ಜಗಳೂರು ಧೂಳು:
ಸೀಟಿನಲ್ಲಿ ಕಸ ಇರಬೇಕು. ಊದಿದಾಗ ತಡೆದದ್ದು ಟ್ಯಾಂಕ್ ತುಂಬಿದಾಗಿನ ಒತ್ತಡಕ್ಕೆ ತಡೆಯಲ್ಲ. ಇಯರ್ ಬಡ್‌ಗೆ ಬ್ರಾಸೋ ಹಚ್ಚಿ ಸೀಟ್ ಒಳಗೆ ತಿರುಗಿಸು, ಆಮೇಲೆ ಪೆಟ್ರೋಲ್‌ನಲ್ಲಿ ಚೆನ್ನಾಗಿ ತೊಳಿ. ನಾನಿನ್ನೂ ನೀಡಲ್ ಕಡೆಗೇ.

ದುರ್ಗದ ಹಳೇಗಾಡಿ:
ತಡವಾಗಿ ನೋಡಿದೆ. ಮೊದಲ ಪೋಸ್ಟಿನಲ್ಲಿ ಒಂದು ಸಾಲು ಇದೆ, ಅದನ್ನು ಯಾರೂ ಹಿಡಿಯಲಿಲ್ಲ ಅಲ್ವಾ? ಕಾಕ್ ಆಫ್ ಮಾಡಿದ ಮೇಲೂ ಇನ್ನಷ್ಟು ಹೊತ್ತು ಸೋರಿ ಆಮೇಲೆ ನಿಲ್ಲುತ್ತದೆ ಅಂತ ಬರೆದಿದ್ದಾರೆ. ಅಲ್ಲೇ ಉತ್ತರ ಇದೆ ಅನ್ನಿಸುತ್ತದೆ.

ಬೌಲ್ ತಳದಿಂದ ನೆಟ್ಟಗೆ ಮೇಲಕ್ಕೆ ನಿಂತ ಹಿತ್ತಾಳೆ ಕೊಳವೆ ನೋಡಿರುತ್ತೀರಿ. ಅದೇ ಓವರ್‌ಫ್ಲೋ ಕೊಳವೆ. ಮೇಲಿನ ಬಾಯಿ ಪೆಟ್ರೋಲ್ ಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿ ತೆರೆದಿರುತ್ತದೆ. ಕೆಳಗಿನ ತುದಿ ಬೌಲ್ ದಾಟಿ ಹೊರಗಿನ ಪೈಪಿಗೆ ಸೇರುತ್ತದೆ. ನೀಡಲ್ ಕೈಕೊಟ್ಟು ಪೆಟ್ರೋಲ್ ಏರಿದರೆ ಎಂಜಿನ್‌ಗೆ ನುಗ್ಗುವ ಬದಲು ಆ ಬಾಯಿಂದ ಇಳಿದು ನೆಲಕ್ಕೆ ಬೀಳಲಿ ಅಂತ ಇಟ್ಟಿರುವುದು.

ಈಗ ಯೋಚನೆ ಮಾಡಿ. ತಪ್ಪು ನೀಡಲ್‌ನದ್ದೇ ಆಗಿದ್ದರೆ ಪೆಟ್ರೋಲ್ ಕೊಳವೆಯ ಬಾಯಿವರೆಗೆ ಬಂದು ಚೆಲ್ಲುತ್ತಿರಬೇಕು. ಕಾಕ್ ಆಫ್ ಮಾಡಿದ ಮೇಲೆ ಮಟ್ಟ ಕೂದಲೆಳೆ ಇಳಿದರೂ ಸಾಕು, ಸೋರುವುದು ನಿಲ್ಲಬೇಕು. ನಿಮ್ಮದು ನಿಲ್ಲುತ್ತಿಲ್ಲ. ಅಂದರೆ ಪೆಟ್ರೋಲ್ ಆಚೆ ಹೋಗುತ್ತಿರುವ ಜಾಗ ಆ ಬಾಯಿಗಿಂತ ಕೆಳಗಿದೆ. ಒಂದೋ ಡ್ರೇನ್ ಸ್ಕ್ರೂ ಸರಿಯಾಗಿ ಮುಚ್ಚುತ್ತಿಲ್ಲ, ಅದೂ ಇದೇ ಪೈಪಿಗೇ ಬಿಡುತ್ತದೆ. ಇಲ್ಲವೇ ಕೊಳವೆಯೇ ನಡುವೆ ಸೀಳಿದೆ. ನನ್ನ ಓಟು ಸೀಳಿಗೆ. ಡ್ರೇನ್ ಸ್ಕ್ರೂ ಇರುವುದು ತೀರಾ ತಳದಲ್ಲಿ, ಅದು ಬಿಡುತ್ತಿದ್ದರೆ ಬೌಲ್ ಪೂರ್ತಿ ಖಾಲಿಯಾಗುವವರೆಗೂ ಸೋರುತ್ತಲೇ ಇರಬೇಕಿತ್ತು. ನಿಮ್ಮದು ನಡುವೆ ನಿಲ್ಲುತ್ತಾ, ಖಾಲಿಯಾಗಿ ನಿಲ್ಲುತ್ತಾ, ಅದನ್ನು ನೋಡಬೇಕು.

ಪರೀಕ್ಷೆ ಸುಲಭ. ಮೆಡಿಕಲ್ ಶಾಪಿನಲ್ಲಿ ಸಲೈನ್ ಸೆಟ್ ಸಿಗುತ್ತದೆ, ಅದರ ಪಾರದರ್ಶಕ ಪೈಪ್ ಒಂದು ಮೊಳ ಕತ್ತರಿಸಿ ಕೆಳಗಿನ ಮೂತಿಗೆ ಸಿಕ್ಕಿಸಿ. ಡ್ರೇನ್ ಸ್ಕ್ರೂ ಬಿಗಿಯಾಗಿಯೇ ಇರಲಿ. ಪೈಪನ್ನು ಬೌಲ್ ಪಕ್ಕದಲ್ಲಿ ಮೇಲಕ್ಕೆ ಎತ್ತಿ ಹಿಡಿದು ಕಾಕ್ ಆನ್ ಮಾಡಿ. ಎಲ್ಲಾ ಸರಿಯಿದ್ದರೆ ಪೈಪಿನಲ್ಲಿ ಏನೂ ಕಾಣಬಾರದು. ಪೆಟ್ರೋಲ್ ಬಂದು ಗ್ಯಾಸ್ಕೆಟ್ ಸಂದಿಗಿಂತ ಕೆಳಗೇ ನಿಂತರೆ ಒಳಗಿನ ಮಟ್ಟ ಸರಿಯಿದೆ, ತೂತು ಕೆಳಗಿದೆ. ಸಂದಿ ದಾಟಿ ಏರುತ್ತಲೇ ಹೋದರೆ ನೀಡಲ್, ಆಗ ಧೂಳಣ್ಣನ ಮಂಡಕ್ಕಿ ಉಳಿಯುತ್ತದೆ. ಪೆಟ್ರೋಲ್ ತಗುಲಿದರೆ ಆ ಪೈಪ್ ಬೇಗ ಗಟ್ಟಿಯಾಗುತ್ತದೆ, ಗಾಡಿಯಲ್ಲೇ ಬಿಡಬೇಡಿ.

ನಿಟ್ಟುವಳ್ಳಿ ಹುಡುಗ:
ಸರ್, ಮಾಡಿದೆ! ಸ್ಕ್ರೂ ಪೂರ್ತಿ ಬಿಗಿ ಇದ್ದರೂ ಪೈಪಿನೊಳಗೆ ಪೆಟ್ರೋಲ್ ಮೆಲ್ಲಗೆ ಏರಿತು. ಗ್ಯಾಸ್ಕೆಟ್ ಸಂದಿಗಿಂತ ಸ್ವಲ್ಪ ಕೆಳಗೆ ನಿಂತುಬಿಟ್ಟಿತು. ಎಷ್ಟು ಹೊತ್ತು ಕಾದರೂ ಮೇಲೆ ಹೋಗಲಿಲ್ಲ.

ಫ್ಲೋಟ್ ಬಿಸಿನೀರಿಗೂ ಹಾಕಿದ್ದೆ, ಗುಳ್ಳೆ ಬರಲಿಲ್ಲ.

ದುರ್ಗದ ಹಳೇಗಾಡಿ:
ಹಾಗಾದರೆ ನೀಡಲ್, ಫ್ಲೋಟ್ ಎರಡನ್ನೂ ಬಿಡಿ. ಬೌಲ್ ಮಾತ್ರ ಬಿಚ್ಚಿ ಒಳಗೆಲ್ಲಾ ಒರೆಸಿ. ಎರಡು ಇಟ್ಟಿಗೆ ನಡುವೆ ನೆಟ್ಟಗೆ ಕೂರಿಸಿ, ಮೂತಿ ಕೆಳಗೆ ಒಣ ಪೇಪರ್ ಇಡಿ. ಪೆಟ್ರೋಲ್ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಹೋಗಿ. ಯಾವ ಮಟ್ಟಕ್ಕೆ ಬಂದಾಗ ಪೇಪರ್ ಒದ್ದೆಯಾಗುತ್ತದೆ ನೋಡಿ.

ಮಂಡಿಪೇಟೆ ಮಿಸ್ತ್ರಿ:
ಹಳೇಗಾಡಿ ಯಜಮಾನ್ರು ಸರಿಯಾಗಿ ಹಿಡಿದರು. ಕ್ಲೀನ್ ಮಾಡುವ ಮೊದಲು ಯಾಕೆ ಸೋರುತ್ತಿರಲಿಲ್ಲ ಅನ್ನುವುದಕ್ಕೂ ಇದೇ ಉತ್ತರ. ಸೀಳು ಹಳೆಯದೇ ಇರುತ್ತೆ. ಒಳಗೆ ಕಟ್ಟಿದ್ದ ಅಂಟು ಅದನ್ನು ಮುಚ್ಚಿತ್ತು. ರಾತ್ರಿಯೆಲ್ಲಾ ನೆನೆಸಿದಾಗ ಅಂಟು ಕರಗಿ ಸೀಳು ಬಾಯಿ ಬಿಟ್ಟಿತು. ಕ್ಲೀನ್ ಮಾಡಿದ ಮೇಲೆ ಕೆಟ್ಟಿತು ಅಂತ ಗಿರಾಕಿಗಳು ನಮ್ಮ ಮೇಲೆ ಜಗಳಕ್ಕೆ ಬರುವುದು ಇಂಥದ್ದಕ್ಕೇ.

ನಿಟ್ಟುವಳ್ಳಿ ಹುಡುಗ:
ಸಿಕ್ಕಿತು. ಬೌಲ್ ಕಾಲು ಭಾಗ ತುಂಬಿದಾಗ ಪೇಪರ್ ಒಣ. ಇನ್ನೂ ಸ್ವಲ್ಪ ಹಾಕಿದೆ, ಆಗಲೂ ಒಣ. ಅರ್ಧ ದಾಟುತ್ತಿದ್ದ ಹಾಗೆ ಮೂತಿಯ ತುದಿಯಲ್ಲಿ ಒಂದು ಹನಿ ಉಬ್ಬಿ ನಿಂತಿತು. ಬಿತ್ತು, ಪೇಪರ್ ಮೇಲೆ ಅಗಲವಾಗಿ ಹರಡಿತು, ಹಿಂದೆಯೇ ಇನ್ನೊಂದು. ಹಾಗೇ ಬಿಟ್ಟೆ. ಪೆಟ್ರೋಲ್ ಅರ್ಧಕ್ಕೆ ಇಳಿದ ಮೇಲೆ ತಾನಾಗೇ ನಿಂತಿತು. ಆಮೇಲೆ ಬೌಲ್ ಖಾಲಿ ಮಾಡಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಕೊಳವೆಯ ಉದ್ದಕ್ಕೆ ಒಂದು ಕಪ್ಪು ಗೆರೆ. ಗೀರು ಅಂದುಕೊಳ್ಳಬೇಕು, ಅಷ್ಟು ಸಣ್ಣದು. ಉಗುರು ಆಡಿಸಿದರೆ ಮಾತ್ರ ತಡೆಯುತ್ತದೆ. ಸೀಳಿನ ಕೆಳತುದಿ ಸರಿಯಾಗಿ ಅರ್ಧ ಬೌಲ್ ಮಟ್ಟಕ್ಕೇ ಇದೆ.

ಧೂಳಣ್ಣಾ, ಮಂಡಕ್ಕಿ ಯಾವಾಗ?

ಜಗಳೂರು ಧೂಳು:
ದಾವಣಗೆರೆಗೆ ಬಂದಾಗ ಕೊಡಿಸುತ್ತೇನೆ. ಮಿರ್ಚಿ ಎರಡು ಪ್ಲೇಟ್, ಮೂರನೇದು ನಿನ್ನ ಖರ್ಚು. ಈಗ ಸೀಳು ಮುಚ್ಚುವುದು ಹೇಗೆ ಅಂದರೆ, ಎಂ-ಸೀಲ್ ಮೆತ್ತಿಬಿಡು, ಮುಗೀತು.

ಶಾಮನೂರು ಕೆಮಿಸ್ಟ್ರಿ:
ಎಂ-ಸೀಲ್ ಬೇಡ. ಅದು ಇರುವುದು ನೀರಿನ ಪೈಪಿನಂಥ ಕೆಲಸಕ್ಕೆ. ಇದು ಹಗಲೂ ರಾತ್ರಿ ಪೆಟ್ರೋಲ್‌ನಲ್ಲಿ, ಅದೂ ಎಥನಾಲ್ ಇರುವ ಪೆಟ್ರೋಲ್‌ನಲ್ಲಿ ಮುಳುಗಿರಬೇಕು. ಮೆತ್ತಗಾಗಿ ಬಿಟ್ಟುಕೊಂಡರೆ ಆ ಚೂರು ಸೀದಾ ಜೆಟ್‌ಗೆ ಹೋಗಿ ಕೂರುತ್ತದೆ.

ಹೊಳಲ್ಕೆರೆ ಹೈದ:
ನಮ್ಮ ಕಡೆ ಟ್ಯಾಂಕ್ ಸೋರಿದರೆ ಬಟ್ಟೆ ಸೋಪು ತಿಕ್ಕುತ್ತಾರೆ. ಅದು ನಡೆಯಲ್ವಾ?

ಮಂಡಿಪೇಟೆ ಮಿಸ್ತ್ರಿ:
ಟ್ಯಾಂಕ್ ಹೊರಗಿನಿಂದ ಆದರೆ ನಡೆಯುತ್ತೆ, ಸೋಪು ಪೆಟ್ರೋಲ್‌ಗೆ ಬೇಗ ಕರಗಲ್ಲ. ದಾರಿ ಮಧ್ಯೆ ಕೈಕೊಟ್ಟಾಗ ಮನೆ ಮುಟ್ಟಲು ಒಳ್ಳೇ ಉಪಾಯ. ಬೌಲ್ ಒಳಗೆ ಬೇಡ, ಕೆಮಿಸ್ಟ್ರಿ ಮೇಡಂ ಹೇಳಿದ ಹಾಗೆ ಚೂರು ಎದ್ದರೆ ಜೆಟ್ ಕಟ್ಟುತ್ತೆ.

ನನ್ನ ಸಲಹೆ ಕೇಳಿದರೆ, ಅದೇ ಮಾದರಿಯ ಹಳೇ ಕಾರ್ಬೊರೇಟರ್ ಗುಜರಿಯಲ್ಲಿ ಹುಡುಕು. ಬಾಡಿ ಕೆಟ್ಟಿದ್ದರೂ ಪರವಾಗಿಲ್ಲ, ನಿನಗೆ ಬೇಕಾದ್ದು ಬೌಲ್. ತರುವ ಮೊದಲು ನಿನ್ನ ಬೌಲ್ ಜೊತೆಗೆ ಒಯ್ದು ಸ್ಕ್ರೂ ತೂತು, ಗ್ಯಾಸ್ಕೆಟ್ ಕೂರುವ ತೋಡು, ಕೊಳವೆ ಎತ್ತರ ಮೂರೂ ಹೋಲಿಸು. ಕೊಳವೆ ಗಿಡ್ಡ ಇದ್ದರೆ ಮಟ್ಟ ಸರಿಯಿದ್ದರೂ ಸೋರುತ್ತೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುತೇಕ ಕಾರ್ಬೊರೇಟರ್ ಬದಲು ಇಂಜೆಕ್ಷನ್ ಬಂತು, ಕಾರ್ಬೊರೇಟರ್ ಬಿಡಿ ಭಾಗ ಕೇಳಿದರೆ ಅಂಗಡಿಯವರು ಪೂರ್ತಿ ಸೆಟ್ಟೇ ತಗೊಳ್ಳಿ ಅಂತಾರೆ. ಗುಜರಿಯವರು ಹಾಗೆ ಹೇಳಲ್ಲ.

ದುರ್ಗದ ಹಳೇಗಾಡಿ:
ಬೌಲ್ ಸಿಗದಿದ್ದರೆ ಬೆಸುಗೆ ಹಾಕಬಹುದು. ಕೊಳವೆ ಹಿತ್ತಾಳೆ, ತವರ ಚೆನ್ನಾಗಿ ಹಿಡಿಯುತ್ತದೆ. ಬೌಲ್ ತೊಳೆದು, ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗಿಡಿ, ನಮ್ಮ ಬಯಲುಸೀಮೆ ಬಿಸಿಲಿಗೆ ಒಂದು ಮಧ್ಯಾಹ್ನ ಸಾಕು. ಸೀಳಿನ ಸುತ್ತ ನಯವಾದ ಎಮರಿ ಪೇಪರ್‌ನಲ್ಲಿ ತಿಕ್ಕಿ ಹೊಳಪು ಬರಿಸಿ, ತವರ ಹಿಡಿಯಲು ಫ್ಲಕ್ಸ್ ಹಚ್ಚಿ, ತೆಳುವಾಗಿ ತವರ ಹರಿಸಿ. ಕೊಳವೆಯ ಬಾಯಿ ಮುಚ್ಚಬಾರದು. ಹಾಗೆ ಮುಚ್ಚಿ ಇನ್ನು ಸೋರಲ್ಲ ಅಂತ ಖುಷಿ ಪಡುವವರೂ ಇದ್ದಾರೆ. ನಾಳೆ ನೀಡಲ್ ಕೈಕೊಟ್ಟರೆ ಪೆಟ್ರೋಲ್ ಸೀದಾ ಎಂಜಿನ್‌ಗೆ.

ಸೋಲ್ಡರಿಂಗ್ ಐರನ್ ಮಾತ್ರ ಬಳಸಿ, ಗ್ಯಾಸ್ ಬೆಂಕಿ ಬೇಡ. ಎಷ್ಟೋ ಬೌಲ್‌ಗಳು ಸತುವಿನ ಎರಕ, ಸುಮಾರು 380 ಡಿಗ್ರಿಗೆ ಕರಗುತ್ತವೆ. ತವರ ಕರಗುವುದು 200ರ ಆಸುಪಾಸಿನಲ್ಲಿ. ಕೈ ತುಸು ತಡವಾದರೂ ಕೊಳವೆಗೆ ಬೆಸುಗೆ ಬೀಳುವ ಬದಲು ಬೌಲ್ ಬಾಗುತ್ತದೆ.

ಶಾಮನೂರು ಕೆಮಿಸ್ಟ್ರಿ:
ಫ್ಲಕ್ಸ್ ಆಮ್ಲದ್ದಾಗಿದ್ದರೆ ಆಮೇಲೆ ಬಿಸಿನೀರಲ್ಲಿ ತೊಳೆಯುವುದು ಮರೆಯಬೇಡಿ, ಉಳಿದರೆ ಹಿತ್ತಾಳೆಯನ್ನು ತಿನ್ನುತ್ತದೆ. ರೇಡಿಯೋ ರಿಪೇರಿಯವರ ರಾಳದ ಫ್ಲಕ್ಸ್ ಆದರೆ ಆ ತಲೆನೋವಿಲ್ಲ.

ನಿಟ್ಟುವಳ್ಳಿ ಹುಡುಗ:
ಗುಜರಿಯಲ್ಲಿ ಬೌಲ್ ಸಿಕ್ಕಿತು. ಸ್ಕ್ರೂ ತೂತು ಒಂದೇ, ಕೊಳವೆ ಎತ್ತರವೂ ಸರಿ. ಇಟ್ಟಿಗೆ ಪರೀಕ್ಷೆ ಅಲ್ಲೇ ಅಂಗಡಿ ಮುಂದೆ ಮಾಡಿದೆ, ಗುಜರಿಯವರು ನಗುತ್ತಿದ್ದರು. ಕೊಳವೆ ಬಾಯಿವರೆಗೆ ತುಂಬಿದರೂ ಪೇಪರ್ ಒದ್ದೆಯಾಗಲಿಲ್ಲ. ಹಾಕಿದ್ದೇನೆ, ರಾತ್ರಿಯೆಲ್ಲಾ ಕಾಕ್ ಆನ್ ಇಟ್ಟು ಖಾಲಿ ಸೈಟಿನಲ್ಲೇ ನಿಲ್ಲಿಸಿದ್ದೆ. ಬೆಳಿಗ್ಗೆ ಕೆಳಗಿಟ್ಟ ರಟ್ಟು ಒಣಗಿತ್ತು. ಎಂಜಿನ್ ಆಯಿಲ್ ಬದಲಾಯಿಸಬೇಕಾ ಅಣ್ಣಾ?

ಮಂಡಿಪೇಟೆ ಮಿಸ್ತ್ರಿ:
ನಿನ್ನ ಕೇಸಿನಲ್ಲಿ ಮಟ್ಟ ಏರಿರಲೇ ಇಲ್ಲ, ಇಳಿದಿರುವ ಸಂಭವ ಕಡಿಮೆ. ಆದರೂ ಡಿಪ್‌ಸ್ಟಿಕ್ ತೆಗೆದು ನೋಡು. ಆಯಿಲ್ ಮಟ್ಟ ಜಾಸ್ತಿಯಾಗಿದ್ದರೆ, ನೀರಾಗಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡದೆ ಬದಲಾಯಿಸು. ಇಲ್ಲದಿದ್ದರೆ ಹಾಗೇ ಓಡಿಸು. ಟ್ಯಾಂಕ್ ತುಕ್ಕು ಹಿಡಿದಿದೆಯಾ ನೋಡಿ, ಪೆಟ್ರೋಲ್ ಪೈಪಿಗೆ ಒಂದು ಫಿಲ್ಟರ್ ಹಾಕಿಬಿಡು. ಹಳೇ ಟ್ಯಾಂಕಿನ ತುಕ್ಕು ಬಂದು ಸೀಟಿನಲ್ಲಿ ಕೂತರೆ ಆಗ ನಿಜವಾಗಿ ಧೂಳಪ್ಪನ ನೀಡಲ್ ಕೇಸ್ ಆಗುತ್ತೆ.

ಹೊಸದುರ್ಗ ಟೂ ಸ್ಟ್ರೋಕ್:
ಇಲ್ಲೇ ಕೇಳಿಬಿಡುತ್ತೇನೆ, ಬೇಸರ ಮಾಡ್ಕೋಬೇಡಿ. ನನ್ನದು ಹಳೇ ಟೂ ಸ್ಟ್ರೋಕ್. ಕಾರ್ಬೊರೇಟರ್ ಹೊರಗೆಲ್ಲಾ ಯಾವಾಗಲೂ ಒದ್ದೆ. ನಾನೂ ಬೌಲ್ ಬದಲಾಯಿಸಬೇಕಾ?

ದುರ್ಗದ ಹಳೇಗಾಡಿ:
ಅದಕ್ಕಿಂತ ಮೊದಲು ಕಾಕ್ ಲಿವರ್ ಹಿಂದೆ ಬೆರಳಿಟ್ಟು ನೋಡಿ. ಅಲ್ಲೂ ಒದ್ದೆಯಾ?

ಹೊಸದುರ್ಗ ಟೂ ಸ್ಟ್ರೋಕ್:
ಹೌದು ಸರ್, ಲಿವರ್ ಸುತ್ತ ಎಣ್ಣೆಯ ಜಿಡ್ಡು ಇದೆ. ಪೈಪ್ ಉದ್ದಕ್ಕೂ ಇಳಿದಿದೆ.

ದುರ್ಗದ ಹಳೇಗಾಡಿ:
ಹಾಗಾದರೆ ಕಾರ್ಬೊರೇಟರ್ ಮುಟ್ಟಬೇಡಿ. ಲಿವರ್ ಹಿಂದೆ ತೂತುಗಳಿರುವ ರಬ್ಬರ್ ವಾಶರ್ ಇರುತ್ತದೆ, ಅದು ಒಣಗಿ ಗಟ್ಟಿಯಾಗಿದೆ. ಪೆಟ್ರೋಲ್ ಅಲ್ಲಿಂದ ಇಳಿದು ಪೈಪ್ ಹಿಡಿದು ಬಂದು ಕಾರ್ಬೊರೇಟರ್ ಮೇಲೆ ಸೇರುತ್ತಿದೆ. ನೀವು ಟ್ಯಾಂಕಿಗೇ ಆಯಿಲ್ ಬೆರೆಸುವವರಿರಬೇಕು, ಪೆಟ್ರೋಲ್ ಆರಿಹೋಗಿ ಆಯಿಲ್ ಉಳಿದದ್ದೇ ಆ ಜಿಡ್ಡು. ಟ್ಯಾಂಕ್ ಖಾಲಿ ಮಾಡಿಕೊಂಡು ಲಿವರ್ ಬಿಚ್ಚಿ, ಹಳೇ ವಾಶರ್ ಅಂಗಡಿಗೆ ಒಯ್ದು ಅದರದೇ ಜೋಡಿ ತನ್ನಿ.